ಪೆಟ್ರೋಲಿನ ಆವಿಯೂ ದೂರದ ದಾರಿಯೂ

ಜೂನ್ ತಿಂಗಳು ಬಂತೆಂದರೆ ನಮ್ಮ ಬೆಂಗಳೂರು ಮೈಸೂರುಗಳ ತರುಣರು ಮೋಟಾರು ಸೈಕಲ್ಲನ್ನೇರಿ ಲಡಾಖಿಗೆ ಹೊರಡುವುದು ಈಗ ತೀರ್ಥಯಾತ್ರೆಯಷ್ಟೇ ಸಾಮಾನ್ಯವಾಗಿದೆ. ಹೊರಡುವ ಮುನ್ನ ಅವರಲ್ಲಿ ಅನೇಕರು ಎರಡು ಕೆಲಸಗಳನ್ನು ಮಾಡುವರು. ಗಾಡಿಯ ಪಕ್ಕದಲ್ಲಿರುವ ಕರಿಯ ಡಬ್ಬಿಯೊಂದನ್ನು ಮೆಕ್ಯಾನಿಕ್ಕನಿಂದ ಕೀಳಿಸುವುದು ಒಂದು. ಸಿಕ್ಕಿದ ಕ್ಯಾನಿನಲ್ಲಿ ಪೆಟ್ರೋಲು ತುಂಬಿ ಹಿಂದೆ ಕಟ್ಟಿಕೊಳ್ಳುವುದು ಇನ್ನೊಂದು. ಮೊದಲನೆಯದು ವ್ಯರ್ಥ, ಎರಡನೆಯದು ಕೆಲವು ವೇಳೆ ಅವಶ್ಯವಾದರೂ ಮಾಡುವ ರೀತಿಯಲ್ಲಿ ಪ್ರಾಣಭಯವುಂಟು. ಮನೆಯಲ್ಲಿ ಕುಳಿತು ದೂರವಾಣಿಯ ಕರೆಗೆ ಕಾಯುವ ತಾಯಿತಂದೆಗಳೂ ಇದರ ಮರ್ಮವನ್ನು ತಿಳಿದಿರುವುದು ಲೇಸು.

ಪೆಟ್ರೋಲಿನಲ್ಲಿ ಉರಿಯುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತಲೇ ಇರುವುದು. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲಕ್ಕೆ ಹೋಗದೆ ನೆಲ ಹಿಡಿದು ಹರಿಯುವುದು. ಶಮೀವೃಕ್ಷಕ್ಕೆ ಅಗ್ನಿಗರ್ಭೆಯೆಂದು ಹೆಸರಿಟ್ಟ ನಮ್ಮ ಪೂರ್ವಿಕರು ಈ ದ್ರವವನ್ನು ಕಂಡಿದ್ದರೆ ಆ ಬಿರುದನ್ನು ಇದಕ್ಕೇ ಕೊಡುತ್ತಿದ್ದರೋ ಏನೋ!

ಆ ಕರಿಯ ಡಬ್ಬಿಯ ಕೆಲಸ ಈ ಆವಿಯನ್ನು ಕಟ್ಟಿಹಾಕುವುದು. 2020ನೆಯ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮಗಳು ದೇಶಾದ್ಯಂತ ಜಾರಿಗೆ ಬಂದವು. ಇಂದಿನ ಪೆಟ್ರೋಲು ಗಾಡಿಗಳಲ್ಲಿ ಈ ಡಬ್ಬಿ ಸಾಮಾನ್ಯ. ಅದರೊಳಗೆ ಇರುವುದು ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು. ಬಿಸಿಲಿಗೆ ಟ್ಯಾಂಕು ಕಾದಾಗ ಏಳುವ ಆವಿ ಕೊಳವೆಯ ಮೂಲಕ ಬಂದು ಇದ್ದಿಲಿನ ಅತಿಸೂಕ್ಷ್ಮ ರಂಧ್ರಗಳಲ್ಲಿ ನಿಲ್ಲುವುದು. ಎಂಜಿನ್ನು ನಡೆಯುವಾಗ ಕವಾಟವೊಂದು ತೆರೆದು, ಎಂಜಿನ್ನಿನ ಸೆಳೆತಕ್ಕೆ ಹೊಸ ಗಾಳಿ ಇದ್ದಿಲನ್ನು ಹಾಯ್ದು ಆವಿಯನ್ನು ಎಂಜಿನ್ನಿಗೇ ಒಯ್ಯುವುದು. ಕೂಡಿಟ್ಟದ್ದು ಹೀಗೆ ಗಾಡಿಯ ಓಟಕ್ಕೇ ಸಲ್ಲುವುದರಿಂದ, ಡಬ್ಬಿ ತೆಗೆದರೆ ಮೈಲೇಜು ಹೆಚ್ಚುವುದೆಂಬ ಮಾತಿಗೆ ಬುಡವಿಲ್ಲ.

ಕಿತ್ತರೆ ಆಗುವುದೇನು? ಟ್ಯಾಂಕಿನ ಕೊಳವೆಯನ್ನು ತೆರೆದು ಬಿಟ್ಟರೆ ಆವಿ ಕಾದ ಸೈಲೆನ್ಸರಿನ ಬಳಿ ಸುಳಿಯುವುದು. ಅದನ್ನು ಬಿರಡೆಯಿಂದ ಮುಚ್ಚಿದರೆ ಟ್ಯಾಂಕಿಗೆ ಉಸಿರು ಕಟ್ಟಿ, ಒಂದು ಹೊತ್ತು ಪೆಟ್ರೋಲು ಇಳಿಯದೆ ಗಾಡಿ ನಿಲ್ಲುವುದು, ಮತ್ತೊಂದು ಹೊತ್ತು ಮುಚ್ಚಳ ತೆರೆದೊಡನೆ ಪೆಟ್ರೋಲು ಮೈಮೇಲೆ ಚಿಮ್ಮುವುದು. ಎಂಜಿನ್ನಿನ ಕಡೆಯ ತೂತನ್ನು ಹಾಗೆಯೇ ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಹೊಕ್ಕು ಎಂಜಿನ್ನು ಸರಿಯಾಗಿ ನಡೆಯದು. ಇದರ ಮೇಲೆ, ಕಂಪನಿ ಕೊಟ್ಟ ರೂಪದಿಂದ ಗಾಡಿಯನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನಗಳ ಕಾಯಿದೆಯ ಅಡ್ಡಿಯೂ ಉಂಟು. 5,300 ಮೀಟರಿನಷ್ಟು ಎತ್ತರದ ತಂಗ್‌ಲಂಗ್ ಲಾ ಕಣಿವೆಯಲ್ಲಿ ಗಾಡಿ ಏದುಸಿರು ಬಿಟ್ಟರೆ, ಅಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಸುಮಾರು ಅರ್ಧವೇ ಇರುವುದು ಕಾರಣ. ಪಾಪ, ಇದ್ದಿಲು ಏನು ಮಾಡೀತು?

ಈ ಡಬ್ಬಿಯನ್ನು ನಿಜವಾಗಿ ಕೆಡಿಸುವುದು ನಮ್ಮ ಅತ್ಯಾಶೆ. ಟ್ಯಾಂಕನ್ನು ಕಂಠಮಟ್ಟ ತುಂಬಿಸಿದರೆ ಆವಿಗೆ ಬದಲು ದ್ರವವೇ ಕೊಳವೆಗೆ ನುಗ್ಗಿ ಇದ್ದಿಲನ್ನು ನೆನೆಸಿಬಿಡುವುದು. ಹೊರಡುವ ಮುನ್ನ ಕೊಳವೆಗಳು ಮಡಚಿವೆಯೋ, ಬಿರಿದಿವೆಯೋ ಎಂದು ನೋಡಿಸಿ, ನೆನೆದು ಕೆಟ್ಟ ಡಬ್ಬಿಯನ್ನು ಬದಲಾಯಿಸಿದರೆ ಸಾಕು.

ಇನ್ನು ಹೆಚ್ಚಿನ ಪೆಟ್ರೋಲಿನ ವಿಚಾರ. ಮನಾಲಿಯಿಂದ ಲೇಹಕ್ಕೆ ಹೋಗುವ ದಾರಿಯಲ್ಲಿ, ತಾಂಡಿಯ ಪಂಪಿನ ಬಳಿ, ಮುಂದಿನ ಪಂಪು 365 ಕಿಲೋಮೀಟರು ಎಂದು ಸಾರುತ್ತಿದ್ದ ಫಲಕ ಬಹುಕಾಲದಿಂದ ಪ್ರಸಿದ್ಧ. ಅಷ್ಟು ದೂರವನ್ನೇ ಹಿಡಿದು ಲೆಕ್ಕ ಹಾಕೋಣ. ಟ್ಯಾಂಕು 15 ಲೀಟರಿನದು. ಏರುದಾರಿಯಲ್ಲಿ ಲೀಟರಿಗೆ 25 ಕಿಲೋಮೀಟರು ಬಂದರೆ 14.6 ಲೀಟರು ಬೇಕು. ಉಳಿಯುವುದು ಒಂದು ಲೋಟದಷ್ಟು ಮಾತ್ರ! ಆದಕಾರಣ 5 ಲೀಟರಿನ ಒಂದು ಕ್ಯಾನು ನ್ಯಾಯವೇ. ಇಪ್ಪತ್ತು ಲೀಟರು ಹೊರುವುದು ಹೆದರಿಕೆಯ ಲಕ್ಷಣ. 1934ರ ಪೆಟ್ರೋಲಿಯಂ ಕಾಯಿದೆಯು ಮಾರಾಟಕ್ಕಲ್ಲದ 30 ಲೀಟರಿನವರೆಗೆ ಲೈಸೆನ್ಸು ಕೇಳುವುದಿಲ್ಲ. ಆದರೆ ಗಾಜು, ಪಿಂಗಾಣಿಯಂಥ ಕಲ್ಲುಮಣ್ಣಿನ ಪಾತ್ರೆ, ಲೋಹ ಇವುಗಳ ಭದ್ರವಾಗಿ ಮುಚ್ಚಿದ ಪಾತ್ರೆಗಳನ್ನು ಮಾತ್ರ ಹೆಸರಿಸುತ್ತದೆ. ಗಾಜು ದಾರಿಯಲ್ಲಿ ಒಡೆಯುವ ವಸ್ತುವಾದ್ದರಿಂದ ಲೋಹವೇ ನಮಗೆ ಗತಿ. ನಮ್ಮ ಹಳ್ಳಿಯ ಅಂಗಡಿಗಳ ಮುಂದೆ ನೀರಿನ ಬಾಟಲಿಯಲ್ಲಿ ಪೆಟ್ರೋಲು ತೂಗಾಡುವುದನ್ನು ಕಂಡಾಗಲೆಲ್ಲ ನಮಗೆ ಮೈ ಜುಮ್ಮೆನ್ನುವುದು.

ಕ್ಯಾನನ್ನು ಗಾಡಿಯ ಮೇಲಿಟ್ಟು ತುಂಬಿಸಲಾಗದು. ನೆಲದ ಮೇಲಿರಿಸಿ, ಪಂಪಿನ ಮೂತಿಯನ್ನು ಲೋಹಕ್ಕೆ ತಾಗಿಸಿ ಹಿಡಿಯಬೇಕು. ಇಲ್ಲವಾದರೆ ಹರಿವಿನಿಂದ ಹುಟ್ಟುವ ವಿದ್ಯುತ್ತು ಕಿಡಿಯಾಗಿ ಹಾರಬಹುದು. ಐದು ಲೀಟರಿನ ಕ್ಯಾನಿಗೆ ನಾಲ್ಕೂವರೆ ಸಾಕು, ಏಕೆಂದರೆ ಮುಂಜಾವಿನ ಚಳಿಯಿಂದ ನಡುಹಗಲಿನ ಬಿಸಿಲಿಗೆ 30 ಡಿಗ್ರಿ ಏರಿದರೆ ಪೆಟ್ರೋಲು ನೂರಕ್ಕೆ ಸುಮಾರು ಮೂರು ಪಾಲು ಹಿಗ್ಗುವುದು. ಸೈಲೆನ್ಸರಿನಿಂದ ದೂರ, ತಗ್ಗಿನಲ್ಲಿ, ಅಲುಗದಂತೆ ಬಿಗಿಯಬೇಕು. ಬೆನ್ನಿನ ಚೀಲದಲ್ಲಿ ಎಂದಿಗೂ ಕೂಡದು. ಕಣಿವೆಯ ಎತ್ತರದಲ್ಲಿ ಮುಚ್ಚಳವನ್ನು ಮೆಲ್ಲನೆ ತಿರುಗಿಸಿ ಒತ್ತಡವನ್ನು ಬಿಡಬೇಕು. ಟ್ಯಾಂಕಿನಲ್ಲಿ ಜಾಗವಾದೊಡನೆ, ಎಂಜಿನ್ನು ಆರಿದ ಮೇಲೆ, ಕ್ಯಾನಿನದನ್ನೇ ಮೊದಲು ಸುರಿದು ಮುಗಿಸುವುದು ಜಾಣತನ.

ಗೃಹಿಣಿಯರಿಗೆ ಒಂದು ಮಾತು ಉಳಿದಿದೆ. ಮಗನು ಹಿಂದಿರುಗಿ, ಅರ್ಧ ಉಳಿದ ಕ್ಯಾನನ್ನು ಬಚ್ಚಲಿನಲ್ಲಿಯೋ ಮೆಟ್ಟಿಲ ಕೆಳಗೋ ಸರಿಸಿ ಮಲಗಿಬಿಡುವನು. ಆವಿ ನೆಲದ ಮೇಲೆ ಹರಿದು ಗ್ಯಾಸ್ ಗೀಸರಿನ ಉರಿಯನ್ನೋ ಅಡಿಗೆಮನೆಯ ಒಲೆಯನ್ನೋ ತಲಪಲು ಬಹಳ ಹೊತ್ತು ಬೇಡ. ಅವನನ್ನು ಎಬ್ಬಿಸಿ, ಉಳಿದುದನ್ನು ಆಗಲೇ ಅಂಗಳದಲ್ಲಿ ಟ್ಯಾಂಕಿಗೆ ಸುರಿಸಿ, ಬರಿದಾದ ಕ್ಯಾನನ್ನು ಮುಚ್ಚಿ ಮನೆಯ ಹೊರಗೆ ನೆರಳಿನಲ್ಲಿ ಇಡಿಸಬೇಕು. ಬರಿದಾದ ಕ್ಯಾನಿನಲ್ಲಿಯೂ ಆವಿ ಇದ್ದೇ ಇರುವುದು.