ಮಾರ್ಚ್ 15ಕ್ಕೆ ನಡೆಯಬೇಕಿದ್ದ ಆಟ

ಕೋಲ್ಕತ್ತದಿಂದ ಲೋಕಲ್ ರೈಲು ಹಿಡಿದರೆ ತಲುಪಬಹುದಾದ ಊರು ಕಲ್ಯಾಣಿ. ನದಿಯಾ ಜಿಲ್ಲೆಗೆ ಸೇರಿದ್ದು. ಅಲ್ಲಿನ ಪುರಸಭೆಯ ಕ್ರೀಡಾಂಗಣದಲ್ಲಿ 2020ರ ಮಾರ್ಚ್ 10ರಂದು ಮೋಹನ್ ಬಾಗಾನ್ ಮತ್ತು ಮಿಜೋರಾಮಿನ ಐಜಾಲ್ ತಂಡಗಳ ನಡುವೆ ಫುಟ್‌ಬಾಲ್ ಆಟವಿತ್ತು. ಹಿಂದಿನ ದಿನವಷ್ಟೇ ಬಂಗಾಳದಲ್ಲಿ ದೋಲ್ ಪೂರ್ಣಿಮೆ ಮುಗಿದಿತ್ತು. ಗೆದ್ದರೆ ಐ–ಲೀಗ್ ಕಿರೀಟ ಅಂದೇ ಖಚಿತ. ಆದರೆ ಎಪ್ಪತ್ತೈದು ನಿಮಿಷ ದಾಟಿದರೂ ಗೋಲಿನ ಸುಳಿವಿಲ್ಲ. ಕೊನೆಗೆ 80ನೇ ನಿಮಿಷದಲ್ಲಿ ಸೆನೆಗಲ್ ದೇಶದ ಬಾಬಾ ದಿಯಾವಾರ ಚೆಂಡನ್ನು ಬಲೆಗೆ ಸೇರಿಸಿದರು. 16 ಪಂದ್ಯ, 39 ಅಂಕ. ಇನ್ನೂ ನಾಲ್ಕು ಆಟ ಬಾಕಿ ಇರುವಾಗಲೇ ಲೀಗ್ ಕೈಸೇರಿತು. ಆ ಸಂಜೆ ತಬ್ಬಿಕೊಂಡು ಕುಣಿಯಲು ಯಾರೂ ಎರಡು ಸಲ ಯೋಚಿಸಬೇಕಿರಲಿಲ್ಲ.

ಮರುದಿನ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು. ನಮ್ಮ ಕಲಬುರಗಿಯ ಹಿರಿಯರೊಬ್ಬರು ಅದೇ ಮಾರ್ಚ್ 10ರ ರಾತ್ರಿ ಕೊನೆಯುಸಿರೆಳೆದಿದ್ದರು. ಅದು ದೇಶದ ಮೊದಲ ಕೊರೊನಾ ಸಾವು ಎಂಬುದು ಖಚಿತವಾಗಲು ಎರಡು ದಿನ ಹಿಡಿಯಿತು. ಕಲ್ಯಾಣಿಯಲ್ಲಿ ಕುಣಿದವರಿಗೆ ಇದಾವುದೂ ಗೊತ್ತಿರಲಿಲ್ಲ. ಅವರ ಕಣ್ಣೆಲ್ಲ ಮುಂದಿನ ಭಾನುವಾರ, ಮಾರ್ಚ್ 15ರ ಮೇಲಿತ್ತು. ಅಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಊರಿನ ಇನ್ನೊಂದು ತಂಡ ಈಸ್ಟ್ ಬೆಂಗಾಲ್ ವಿರುದ್ಧದ ಡರ್ಬಿ ನಡೆಯಬೇಕಿತ್ತು.

ಆ ಆಟ ನಡೆಯಲೇ ಇಲ್ಲ.

ಕ್ರಿಕೆಟ್ಟಿನಲ್ಲಿ ಮಿಂದೆದ್ದ ನಾಡಿನ ನಮಗೆ ಕೋಲ್ಕತ್ತ ಡರ್ಬಿಯ ತೂಕ ತಿಳಿಯಬೇಕಾದರೆ ಅಲ್ಲಿನ ಮೀನು ಮಾರುಕಟ್ಟೆಗೆ ಹೋಗಬೇಕು. ಮೋಹನ್ ಬಾಗಾನ್ ಗೆದ್ದರೆ ಸಿಗಡಿಗೆ ಬೇಡಿಕೆ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾಕ್ಕೆ. ಪಶ್ಚಿಮ ಬಂಗಾಳದ ಮೂಲನಿವಾಸಿ 'ಘೋಟಿ'ಗಳು ಹಸಿರು–ಮರೂನ್ ಬಣ್ಣದ ಬಾಗಾನ್ ಕಡೆ. ಪದ್ಮಾ ನದಿಯ ಆಚೆಯಿಂದ ಮನೆಮಠ ಬಿಟ್ಟು ಬಂದ 'ಬಾಂಗಾಲ್'ಗಳು ಕೆಂಪು–ಹೊನ್ನಿನ ಈಸ್ಟ್ ಬೆಂಗಾಲ್ ಕಡೆ. ಈಗ ಮದುವೆ ಸಂಬಂಧಗಳಲ್ಲಿ ಈ ಗೆರೆ ಅಳಿಸಿಹೋಗಿದೆ, ಒಂದೇ ಮನೆಯಲ್ಲಿ ಎರಡೂ ಬಣ್ಣದವರಿದ್ದಾರೆ. ಆದರೂ ಡರ್ಬಿಯ ದಿನ ಆ ಗೆರೆ ಮತ್ತೆ ಮೂಡುತ್ತದೆ. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈ ಇಬ್ಬರು ಎದುರಾದಾಗ ಸಾಲ್ಟ್ ಲೇಕ್‌ನಲ್ಲಿ ಸೇರಿದ್ದವರು 1,31,781 ಮಂದಿ. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು.

2020 ಈಸ್ಟ್ ಬೆಂಗಾಲ್ ಪಾಲಿಗೆ ಸಾಮಾನ್ಯ ವರ್ಷವಾಗಿರಲಿಲ್ಲ. 1920ರ ಆಗಸ್ಟ್ 1ರಂದು ಹುಟ್ಟಿದ ಕ್ಲಬ್ಬಿಗೆ ನೂರು ತುಂಬುವ ವರ್ಷ ಅದು. ಆ ನೂರು ವರ್ಷಗಳಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಅದನ್ನು ನಾವು ಮರೆತಿದ್ದೇವೆ ಎಂಬುದು ನನ್ನ ಕೊರಗು. 1950ರ ಹೊತ್ತಿನಲ್ಲಿ ಆ ತಂಡದ ಮುಂಚೂಣಿಯ ಐವರನ್ನು ಜನ 'ಪಂಚ ಪಾಂಡವರು' ಎನ್ನುತ್ತಿದ್ದರು: ಅಪ್ಪಾರಾವ್, ಸಾಲೇಹ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್. ಇವರಲ್ಲಿ ಅಹ್ಮದ್ ಖಾನ್ ಬೆಂಗಳೂರಿನ ಹುಡುಗ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದರಲ್ಲ, ಆ ತಂಡದಲ್ಲಿದ್ದವರು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಕೋಲ್ಕತ್ತದ ಹಳಬರು ಅವರ ಹೆಸರನ್ನು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. 2017ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡಾಗ ನಮ್ಮ ಊರಿಗೆ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ.

ಇತ್ತ ಮೋಹನ್ ಬಾಗಾನ್ ಕೂಡ ಒಂದು ಹೊಸ್ತಿಲಲ್ಲಿ ನಿಂತಿತ್ತು. 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನು 2–1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ಕ್ಲಬ್ಬು ಅದು. 2020ರ ಜನವರಿ 16ರಂದು ಅದರ ಫುಟ್‌ಬಾಲ್ ಘಟಕದ ಶೇ 80ರಷ್ಟು ಪಾಲು ದೇಶದ ಇನ್ನೊಂದು ದೊಡ್ಡ ಲೀಗ್ ಐಎಸ್ಎಲ್‌ನ ತಂಡವಾದ ಎಟಿಕೆಯ ಒಡೆಯರ ಕೈಸೇರುವುದು ಪ್ರಕಟವಾಯಿತು. ಜೂನ್‌ನಿಂದ ಎರಡೂ ಒಂದೇ ತಂಡ. ಅಂದರೆ ಆ ಹಳೆಯ ಹೆಸರಿನಲ್ಲಿ, ಐ–ಲೀಗ್‌ನಲ್ಲಿ, ಅದು ಆಡುವ ಕೊನೆಯ ಋತು ಇದೇ. ಈಸ್ಟ್ ಬೆಂಗಾಲ್ ಮುಂದೆ ಎಲ್ಲಿ ಆಡುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಇಬ್ಬರೂ ಮತ್ತೆ ಒಂದೇ ಲೀಗ್‌ನಲ್ಲಿ ಎದುರಾಗುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲಿಯೇ ಜನ ಮಾರ್ಚ್ 15ನ್ನು ಕಾಯುತ್ತಿದ್ದರು. ಬಾಗಾನ್‌ನವರಿಗೆ ಚಾಂಪಿಯನ್ನರಾಗಿ ಎದುರಾಳಿಯ ಮುಂದೆ ಮೆರೆಯುವ ಆಸೆ. ಈಸ್ಟ್ ಬೆಂಗಾಲ್‌ನವರಿಗೆ ಆ ಮೆರವಣಿಗೆಗೆ ಮಣ್ಣೆರಚುವ ಹಟ. ಜನವರಿ 19ರ ಮೊದಲ ಡರ್ಬಿಯನ್ನು ಅವರು 1–2ರಿಂದ ಸೋತಿದ್ದರು. ಆ ಲೆಕ್ಕವೂ ಬಾಕಿ ಇತ್ತು.

ಆ ವಾರದ ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಮಾರ್ಚ್ 8ರ ಭಾನುವಾರ ಇದೇ ಸಾಲ್ಟ್ ಲೇಕ್‌ನಲ್ಲಿ ಬೆಂಗಳೂರು ಎಫ್‌ಸಿ ಐಎಸ್ಎಲ್ ಸೆಮಿಫೈನಲ್‌ನ ಎರಡನೇ ಹಂತದಲ್ಲಿ ಎಟಿಕೆಗೆ 1–3ರಿಂದ ಸೋತು ಹೊರಬಿತ್ತು. ಎರಡು ದಿನಕ್ಕೆ ಕಲ್ಯಾಣಿಯ ಸಂಭ್ರಮ. ಮಾರ್ಚ್ 12ರಂದು ಕ್ರೀಡಾ ಸಚಿವಾಲಯದ ಸೂಚನೆ: ಆಡುವುದಾದರೆ ಪ್ರೇಕ್ಷಕರಿಲ್ಲದೆ ಆಡಿ. ಮಾರ್ಚ್ 14ರಂದು ಗೋವಾದ ಫಟೋರ್ಡಾದಲ್ಲಿ ಖಾಲಿ ಕುರ್ಚಿಗಳ ಮುಂದೆ ಎಟಿಕೆ ಐಎಸ್ಎಲ್ ಫೈನಲ್ ಗೆದ್ದಿತು. ಚೆನ್ನೈಯಿನ್ ತಂಡಕ್ಕೆ 3–1ರ ಸೋಲು. ನಾಲ್ಕು ದಿನದ ಅಂತರದಲ್ಲಿ ದೇಶದ ಎರಡು ದೊಡ್ಡ ಲೀಗ್‌ಗಳನ್ನು ಗೆದ್ದ ಎರಡು ತಂಡಗಳು, ಎರಡೂ ಕೋಲ್ಕತ್ತದವು, ಎರಡಕ್ಕೂ ಅದು ಪ್ರತ್ಯೇಕ ತಂಡವಾಗಿ ಕೊನೆಯ ಪ್ರಶಸ್ತಿ. ಡರ್ಬಿ ಮುಂದಕ್ಕೆ ಹೋಯಿತು. ದೇಶದ ಫುಟ್‌ಬಾಲ್ ಚಟುವಟಿಕೆಯನ್ನೆಲ್ಲ ಮಾರ್ಚ್ ಕೊನೆಯವರೆಗೆ ನಿಲ್ಲಿಸಲಾಯಿತು. ಅಷ್ಟರಲ್ಲಿ 24ರ ರಾತ್ರಿ ಲಾಕ್‌ಡೌನ್ ಬಂತು.

ಏಪ್ರಿಲ್ 18ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಲೀಗ್ ಸಮಿತಿ ವಿಡಿಯೊ ಮೂಲಕ ಸಭೆ ಸೇರಿತು. ಬಾಕಿ ಇದ್ದದ್ದು 28 ಪಂದ್ಯ. ಅವನ್ನು ಕೈಬಿಡುವುದು, ಮೋಹನ್ ಬಾಗಾನ್ ಅನ್ನು ಚಾಂಪಿಯನ್ ಎಂದು ಸಾರುವುದು, ಯಾರನ್ನೂ ಕೆಳಗಿನ ದರ್ಜೆಗೆ ಇಳಿಸದಿರುವುದು, ಉಳಿದ ಬಹುಮಾನದ ಹಣವನ್ನು ಮಿಕ್ಕ 10 ತಂಡಗಳಿಗೆ ಸಮನಾಗಿ ಹಂಚುವುದು: ಇಷ್ಟು ಶಿಫಾರಸು. ಇದಕ್ಕಿಂತ ನ್ಯಾಯವಾದ ತೀರ್ಮಾನ ಬೇರೆ ಇರಲಿಲ್ಲ ಎಂದೇ ನಾನು ನಂಬುತ್ತೇನೆ. ಬಾಗಾನ್ ಅನ್ನು ಹಿಡಿಯಲು ಉಳಿದ ಯಾವ ತಂಡಕ್ಕೂ ಸಾಧ್ಯವಿರಲಿಲ್ಲ. 16 ಆಟಗಳಲ್ಲಿ ಅವರು ಸೋತದ್ದು ಒಂದೇ, ಡಿಸೆಂಬರ್‌ನಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ಎದುರು. ಸ್ಪೇನ್‌ನ ತರಬೇತುದಾರ ಕಿಬು ವಿಕುನಾ ಚೆಂಡನ್ನು ನೆಲದಲ್ಲೇ ಓಡಿಸುವ ಆಟ ಕಲಿಸಿದ್ದರು. ಹೊಸೆಬಾ ಬೇತಿಯಾ ಮಧ್ಯದಲ್ಲಿ ನಿಂತು ದಾರಿ ತೆರೆದರೆ, ಫ್ರಾನ್ ಗೊನ್ಸಾಲೆಸ್ ಮತ್ತು ದಿಯಾವಾರ ಗೋಲಿನ ಬಾಗಿಲು ಬಡಿಯುತ್ತಿದ್ದರು. ಕಾಗದದ ಮೇಲೆ ಕೊಟ್ಟ ಕಿರೀಟವಲ್ಲ ಅದು.

ಆದರೆ ಎರಡನೇ ಸ್ಥಾನದಿಂದ ಕೆಳಗೆ ನೋಡಿ. ಈಸ್ಟ್ ಬೆಂಗಾಲ್ ಮತ್ತು ಪಂಜಾಬ್ ತಲಾ 23 ಅಂಕ. ರಿಯಲ್ ಕಾಶ್ಮೀರ ಮತ್ತು ಗೋಕುಲಂ ಕೇರಳ ಒಂದು ಆಟ ಕಡಿಮೆ ಆಡಿ ತಲಾ 22. ಹೀಗೆ ಒಂದೇ ಅಂಕದ ಅಂತರದಲ್ಲಿ ನಾಲ್ಕು ತಂಡ ಉಸಿರು ಬಿಗಿಹಿಡಿದು ನಿಂತ ಹೊತ್ತಿನಲ್ಲಿ ಗಡಿಯಾರ ನಿಂತುಹೋಯಿತು. ಶ್ರೀನಗರದ ತಂಡದ ಸಂಕಟ ಇನ್ನೂ ಬೇರೆ. 2019ರ ಆಗಸ್ಟ್‌ನಿಂದ ನಿರ್ಬಂಧದಲ್ಲಿದ್ದ ಕಣಿವೆಯಲ್ಲಿ ಜನ ಒಟ್ಟಾಗಿ ಕೂತು ಕೂಗಾಡಲು ಉಳಿದಿದ್ದ ಕೆಲವೇ ಜಾಗಗಳಲ್ಲಿ ಟಿಆರ್‌ಸಿ ಮೈದಾನ ಒಂದು. ಅಲ್ಲಿಗೆ ಎರಡನೇ ಬೀಗ ಬಿತ್ತು. ಇಂಫಾಲದ ಟ್ರಾವು ತಂಡಕ್ಕೆ ಅದು ಐ–ಲೀಗ್‌ನಲ್ಲಿ ಮೊದಲ ವರ್ಷ, ಮೊದಲ ಹಬ್ಬವೇ ಅರ್ಧಕ್ಕೆ.

ಆಟ ನಿಂತ ಆ ದಿನಗಳಲ್ಲಿಯೇ ಬಂಗಾಳದ ಫುಟ್‌ಬಾಲ್ ತನ್ನ ಇಬ್ಬರು ಹಿರಿಯರನ್ನು ಕಳೆದುಕೊಂಡಿತು. ಮಾರ್ಚ್ 20ರಂದು ಪಿ.ಕೆ. ಬ್ಯಾನರ್ಜಿ, ಏಪ್ರಿಲ್ 30ರಂದು ಚುನಿ ಗೋಸ್ವಾಮಿ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದ ತಂಡದ ಜೀವಾಳ ಅವರು. ಚುನಿ ಆ ತಂಡದ ನಾಯಕ. ಅವರು ಆಟಗಾರನಾಗಿ ಮೋಹನ್ ಬಾಗಾನ್ ಬಿಟ್ಟು ಬೇರೆ ಕ್ಲಬ್ಬಿನ ಅಂಗಿ ತೊಡಲಿಲ್ಲ. ಬ್ಯಾನರ್ಜಿ ಈ ಎರಡೂ ಕ್ಲಬ್ಬುಗಳಿಗೆ ಆಡದೆ ಈಸ್ಟರ್ನ್ ರೈಲ್ವೆಯಲ್ಲೇ ಉಳಿದವರು, ಆಮೇಲೆ ಎರಡಕ್ಕೂ ತರಬೇತುದಾರರಾದರು. 1997ರ ಆ ಜನಸಾಗರದ ಎದುರು ಈಸ್ಟ್ ಬೆಂಗಾಲ್ ಅನ್ನು ಗೆಲ್ಲಿಸಿದ್ದು ಅವರೇ. ಬೇರೆ ಕಾಲವಾಗಿದ್ದರೆ ಚುನಿ ಅವರ ಅಂತಿಮಯಾತ್ರೆಗೆ ಊರಿಗೆ ಊರೇ ಹರಿದುಬರುತ್ತಿತ್ತು. ಲಾಕ್‌ಡೌನ್‌ನಲ್ಲಿ ಹೆಗಲು ಕೊಡುವವರನ್ನೂ ಎಣಿಸಬೇಕಾಗಿತ್ತು.

ಅದೇ ಹೊತ್ತಿಗೆ ಈಸ್ಟ್ ಬೆಂಗಾಲ್ ಆಟಗಾರರಿಗೆ ಬೇರೊಂದು ಪೆಟ್ಟು ಬಿತ್ತು. ಆಗ ಕ್ಲಬ್ಬಿನ ಹೂಡಿಕೆದಾರರಾಗಿದ್ದುದು ಬೆಂಗಳೂರು ಮೂಲದ ಕ್ವೆಸ್ ಕಾರ್ಪ್. ಯಾರ ಕೈಯಲ್ಲೂ ಇಲ್ಲದ ವಿಪತ್ತು ಎಂಬ ಒಪ್ಪಂದದ ಕಲಮನ್ನು ಮುಂದಿಟ್ಟು, ಆಟಗಾರರ ಒಪ್ಪಂದಗಳನ್ನು ಏಪ್ರಿಲ್ ಕೊನೆಗೇ ಮುಗಿಸಲಾಯಿತು. ಆಟಗಾರರ ಸಂಘ ದನಿ ಎತ್ತಿತು. ಒಂದು ಸೀಟಿಗೆ ನಿಂತದ್ದು ಆಟವಷ್ಟೇ ಅಲ್ಲ, ಅದನ್ನು ನಂಬಿದ ಸಂಬಳವೂ ಹೌದು ಎಂಬುದು ಮೈದಾನದ ಹೊರಗಿನವರಿಗೆ ಕಂಡದ್ದು ಆಗ.

ಮೇ ತಿಂಗಳ ಮೊದಲ ವಾರದ ಒಂದು ಪ್ರಯಾಣವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ವಿಮಾನವಿಲ್ಲ, ರೈಲಿಲ್ಲ. ಕೋಲ್ಕತ್ತದಲ್ಲಿ ಸಿಕ್ಕಿಬಿದ್ದಿದ್ದ ಸ್ಪೇನ್‌ನ ಆಟಗಾರರು, ತರಬೇತುದಾರರು ಬಸ್ಸಿನಲ್ಲಿ ದೆಹಲಿಗೆ ಹೊರಟರು. ಸುಮಾರು 1,500 ಕಿಲೊಮೀಟರ್ ದಾರಿ. ಕಿಬು ವಿಕುನಾ ಮತ್ತು ಅವರ ಹುಡುಗರು ಹೊರಟ ದಾರಿಯಲ್ಲೇ ಈಸ್ಟ್ ಬೆಂಗಾಲ್‌ನ ತರಬೇತುದಾರ ಮಾರಿಯೊ ರಿವೆರಾ ಮತ್ತು ಅವರ ಹುಡುಗರೂ ಹೊರಟಿದ್ದರು. ಮಾರ್ಚ್ 15ರಂದು ಎದುರುಬದುರು ನಿಲ್ಲಬೇಕಿದ್ದವರು ಬಿಹಾರ, ಉತ್ತರ ಪ್ರದೇಶದ ನಿರ್ಜನ ಹೆದ್ದಾರಿಯಲ್ಲಿ ಜೊತೆಯಾಗಿ ಮನೆ ಸೇರುವ ಚಿಂತೆಯಲ್ಲಿದ್ದರು. ಅದೇ ದಿನಗಳಲ್ಲಿ ಹೆದ್ದಾರಿಗಳಲ್ಲಿ ಹೆಗಲಿಗೆ ಗಂಟು, ಕಂಕುಳಿಗೆ ಮಗು ಹೊತ್ತು ನಡೆಯುತ್ತಿದ್ದವರನ್ನು ನೆನೆದರೆ, ಬಸ್ಸು ಸಿಕ್ಕ ಇವರು ಪುಣ್ಯವಂತರೇ.

ದೆಹಲಿಯಿಂದ ಅವರ ವಿಮಾನ ಹಾರಿದ್ದು ಆಮ್‌ಸ್ಟರ್‌ಡ್ಯಾಮಿಗೆ. ಆ ದೇಶದ ಲೀಗ್ ರದ್ದಾಗಿ ಆಗಷ್ಟೇ ಹತ್ತು ಹನ್ನೊಂದು ದಿನವಾಗಿತ್ತು. ಅಲ್ಲಿನ ಕತೆ ನಮ್ಮದಕ್ಕಿಂತ ಕಹಿ. ಅಯಾಕ್ಸ್ ಮತ್ತು ಎಝೆಡ್ ತಂಡಗಳು 25 ಪಂದ್ಯಗಳಿಂದ ತಲಾ 56 ಅಂಕ ಗಳಿಸಿ ಸಮನಾಗಿ ನಿಂತಿದ್ದವು. ಏಪ್ರಿಲ್ 24ರಂದು ಡಚ್ ಫುಟ್‌ಬಾಲ್ ಸಂಸ್ಥೆ ಯಾರನ್ನೂ ಚಾಂಪಿಯನ್ ಎನ್ನಲಿಲ್ಲ. ಎಝೆಡ್ ಆ ವರ್ಷ ಅಯಾಕ್ಸ್ ಅನ್ನು ಎರಡು ಸಲವೂ ಸೋಲಿಸಿತ್ತು, ಆದರೂ ಗೋಲು ವ್ಯತ್ಯಾಸದ ಮೇಲೆ ಮೊದಲ ಸಾಲು ಅಯಾಕ್ಸ್‌ಗೇ ಹೋಯಿತು. ಎರಡನೇ ದರ್ಜೆಯಲ್ಲಿ ಮೂರನೆಯವರಿಗಿಂತ 11 ಅಂಕ ಮುಂದಿದ್ದ ಕಾಂಬ್ಯೂರ್ ತಂಡಕ್ಕೆ ಮೇಲಿನ ದರ್ಜೆ ಸಿಗಲಿಲ್ಲ. ಎರಡನೆಯ ಡಿ ಗ್ರಾಫ್‌ಸ್ಕಾಪ್‌ಗೂ ಸಿಗಲಿಲ್ಲ. ಇಬ್ಬರೂ ನ್ಯಾಯಾಲಯದ ಮೆಟ್ಟಿಲು ಹತ್ತಿ ಸೋತರು. ಕಾಂಬ್ಯೂರ್ ಮರುವರ್ಷ ಆಡಿಯೇ ಮೇಲೇರಿತು. ಡಿ ಗ್ರಾಫ್‌ಸ್ಕಾಪ್ ಮರುವರ್ಷ ಗೋಲು ವ್ಯತ್ಯಾಸದಲ್ಲಿ ನೇರ ಬಡ್ತಿ ತಪ್ಪಿಸಿಕೊಂಡಿತು. ನಾಲ್ಕು ಆಟ ಮೊದಲೇ ಗೆದ್ದು ಮುಗಿಸಿದ ಬಾಗಾನ್‌ಗೆ ಈ ಗತಿ ಬರಲಿಲ್ಲ. ದಿಯಾವಾರ ಅವರ ಆ ಗೋಲು ಒಂದು ವಾರ ತಡವಾಗಿದ್ದರೆ ಕೋಲ್ಕತ್ತದಲ್ಲೂ ವಕೀಲರಿಗೆ ಕೆಲಸ ಇರುತ್ತಿತ್ತೇನೋ.

ಟ್ರೋಫಿ ಕೈಗೆ ಬಂದದ್ದು ಅಕ್ಟೋಬರ್ 18ರಂದು, ಗೆದ್ದ ಏಳು ತಿಂಗಳ ಮೇಲೆ, ದುರ್ಗಾಪೂಜೆಯ ಬಾಗಿಲಲ್ಲಿ. ಕೋಲ್ಕತ್ತದ ಹೋಟೆಲೊಂದರಲ್ಲಿ ಹಸ್ತಾಂತರ, ಅಲ್ಲಿಂದ ಕ್ಲಬ್ಬಿನವರೆಗೆ ಮೆರವಣಿಗೆ. ಮಾಸ್ಕ್ ಕಟ್ಟಿಕೊಂಡವರು, ಗಲ್ಲಕ್ಕೆ ಇಳಿಸಿಕೊಂಡವರು, ಕಟ್ಟದವರು, ರಸ್ತೆ ತುಂಬ ಹಸಿರು–ಮರೂನ್. ಆ ಗುಂಪನ್ನು ಕಂಡು ಸಿಟ್ಟಾದವರು ಇದ್ದಿರಬಹುದು. ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು, ಹೊಟ್ಟೆಯೂ ಚುರುಕ್ಕೆಂದಿತು. ಯಾಕೆಂದರೆ ಗೆದ್ದುಕೊಟ್ಟ ಕಿಬು ಅಲ್ಲಿರಲಿಲ್ಲ, ಅವರು ಕೇರಳ ಬ್ಲಾಸ್ಟರ್ಸ್ ಸೇರಿ ಆಗಿತ್ತು. ತಂಡದ ಹೆಸರಿಗೆ ಎಟಿಕೆ ಎಂಬ ಮೂರಕ್ಷರ ಅಂಟಿತ್ತು. 2015ರ ಮೇ 31ರ ರಾತ್ರಿಯನ್ನು ಬಲ್ಲ ಬೆಂಗಳೂರಿನವರಿಗೆ ಗೆದ್ದ ರಾತ್ರಿಯೇ ಗೆದ್ದವರೊಂದಿಗೆ ಸಂಭ್ರಮಿಸುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿದೀತು. ಅಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಗೆದ್ದರೆ ಲೀಗ್ ನಮ್ಮದು. ಜಾನ್ ಜಾನ್ಸನ್ ಗೋಲಿನಿಂದ ಮುಂದಿದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಚೆಂಡು ಬಲೆ ಸೇರಿ 1–1 ಆಯಿತು. 13 ವರ್ಷದ ಮೇಲೆ ಬಾಗಾನ್ ರಾಷ್ಟ್ರೀಯ ಲೀಗ್ ಗೆದ್ದಿತು. ಅಷ್ಟು ದೂರದಿಂದ ಬಂದಿದ್ದ ಅವರ ಅಭಿಮಾನಿಗಳು ಆ ರಾತ್ರಿಯೇ, ಆ ಬೆವರು ಆರುವ ಮೊದಲೇ, ಗೆದ್ದವರ ಮುಖ ನೋಡಿ ಅತ್ತಿದ್ದರು.

ಸೆಪ್ಟೆಂಬರ್ ಕೊನೆಗೆ ಹೊಸ ಹೂಡಿಕೆದಾರರನ್ನು ಹಿಡಿದು ಈಸ್ಟ್ ಬೆಂಗಾಲ್ ಕೂಡ ಐಎಸ್ಎಲ್ ಸೇರಿತ್ತು. ಹಾಗಾಗಿ ಡರ್ಬಿ ಉಳಿಯಿತು, ಊರು ಬದಲಾಯಿತು. ನವೆಂಬರ್ 27ರಂದು ಗೋವಾದ ವಾಸ್ಕೊದಲ್ಲಿ, ತಿಲಕ್ ಮೈದಾನದಲ್ಲಿ ಅವರು ಎದುರಾದರು. ರಾಯ್ ಕೃಷ್ಣ, ಮನ್ವೀರ್ ಸಿಂಗ್ ಗೋಲಿನಿಂದ ಎಟಿಕೆ ಮೋಹನ್ ಬಾಗಾನ್ 2–0ರಿಂದ ಗೆದ್ದಿತು. ಟಿವಿಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ಕರೆಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಡರ್ಬಿಯಲ್ಲಿ ಆ ಸದ್ದು ಕೇಳುವುದುಂಟೇ!

ಸಾಲ್ಟ್ ಲೇಕ್‌ಗೆ ಡರ್ಬಿ ಮರಳಿದ್ದು 2022ರ ಆಗಸ್ಟ್ 28ರಂದು, ಡುರಾಂಡ್ ಕಪ್‌ನಲ್ಲಿ. ಎರಡು ವರ್ಷ ಏಳು ತಿಂಗಳು ಕಾದ ಜನ ಗ್ಯಾಲರಿ ತುಂಬಿದರು. ಆ ದಿನದ ಒಂದೇ ಗೋಲನ್ನು ಈಸ್ಟ್ ಬೆಂಗಾಲ್‌ನ ಆಟಗಾರ ಅಕಸ್ಮಾತ್ತಾಗಿ ತನ್ನದೇ ಬಲೆಗೆ ಹೊಡೆದುಬಿಟ್ಟರು. ಬಾಗಾನ್ ಕಡೆಯವರು ಆ ಗೋಲಿಗೂ, ಎರಡೂವರೆ ವರ್ಷ ಗಂಟಲಲ್ಲಿ ಕಟ್ಟಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ಕೂಗಿದರು.