ರೈಲು ಕಾಣೋ ಮುಂಚೆಯೇ ಎಂಜಿನ್ ಯಾವುದು ಅಂತ ಹೇಳ್ತಾರೆ! ಏನಿದು ಶಬ್ದದ ಗುಟ್ಟು?

ಸಕಲೇಶಪುರ: ದೂರದಲ್ಲಿ ಶಬ್ದ ಕೇಳಿದರೆ ಸಾಕು, ರೈಲು ಕಣ್ಣಿಗೆ ಬೀಳೋ ಮುಂಚೆಯೇ ಎಂಜಿನ್ ಯಾವುದು ಅಂತ ಹೇಳೋ ಜನ ಇದ್ದಾರೆ. ಇವರಿಗೆ ರೈಲ್‌ಫ್ಯಾನ್ಸ್ ಅಂತಾರೆ. ಮೊಬೈಲ್ ಹಿಡಿದು ಎಂಜಿನ್ ಸದ್ದು ರೆಕಾರ್ಡ್ ಮಾಡೋದೇ ಇವರಿಗೆ ಖುಷಿ. ನೋಡೋರಿಗೆ ಹುಚ್ಚು ಅನ್ನಿಸಬಹುದು. ಆದರೆ ಹಳಿ ಪಕ್ಕದ ಊರಿನವರೂ ತಿಳಿದುಕೊಳ್ಳಬೇಕಾದ ವಿಷಯ ಇದರಲ್ಲಿದೆ.

ಹಳೇ ಡೀಸೆಲ್ ‘ಆಲ್ಕೋ’

ರೈಲ್‌ಫ್ಯಾನ್‌ಗಳಿಗೆ ಅಚ್ಚುಮೆಚ್ಚು ಅಂದ್ರೆ ಆಲ್ಕೋ. ಅಮೆರಿಕದ ಈ ಕಂಪನಿಯ ತಂತ್ರಜ್ಞಾನದ ಡಬ್ಲ್ಯೂಡಿಎಂ-2 ಎಂಜಿನ್ 1960ರ ದಶಕದಲ್ಲಿ ಭಾರತಕ್ಕೆ ಬಂತು. ನಂತರ ವಾರಾಣಸಿಯ ಕಾರ್ಖಾನೆಯಲ್ಲೇ ತಯಾರಾಯ್ತು. 16 ಸಿಲಿಂಡರ್, 2,600 ಅಶ್ವಶಕ್ತಿ. ಇದು ಫೋರ್ ಸ್ಟ್ರೋಕ್. ಅಂದ್ರೆ ಒಂದು ಸಿಲಿಂಡರ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ ಡೀಸೆಲ್ ಉರಿಯುತ್ತೆ. ಹೀಗಾಗಿ ನಿಂತಿದ್ದಾಗ ‘ಗುಡು ಗುಡು’ ಅಂತ ಬಿಡಿಬಿಡಿಯಾಗಿ ಏಟು ಬಿದ್ದಂತೆ ಕೇಳಿಸುತ್ತೆ. ಹೊರಡುವಾಗ ಟರ್ಬೊ ತಕ್ಷಣ ವೇಗ ಹಿಡಿಯಲ್ಲ. ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ ಆಗಿ ಕಪ್ಪು ಹೊಗೆ ಬರುತ್ತೆ. ಆಮೇಲೆ ಟರ್ಬೊ ಸಿಳ್ಳೆ ಶುರು.

ಹುಬ್ಬಳ್ಳಿ ಶೆಡ್‌ನ ‘ಇಎಂಡಿ’

ಡಬ್ಲ್ಯೂಡಿಜಿ-4, ಡಬ್ಲ್ಯೂಡಿಪಿ-4 ಎಂಜಿನ್‌ಗಳು ಅಮೆರಿಕದ ಇಎಂಡಿ ತಂತ್ರಜ್ಞಾನದವು. ಮೊದಲು ಇವುಗಳ ಮನೆಯಾಗಿದ್ದು ನಮ್ಮ ಹುಬ್ಬಳ್ಳಿ ಡೀಸೆಲ್ ಶೆಡ್. ಇವು ಟೂ ಸ್ಟ್ರೋಕ್, ಪ್ರತಿ ಸುತ್ತಿಗೂ ಡೀಸೆಲ್ ಉರಿಯುತ್ತೆ. ಏಟುಗಳ ನಡುವೆ ಬಿಡುವೇ ಇಲ್ಲದ್ದರಿಂದ ಒಂದೇ ಸಮನೆ ಗುಂಯ್‌ಗುಡೋ ಸದ್ದು. ಬುಲೆಟ್ ಬೈಕಿನ ಸದ್ದಿಗೂ ಮೈಸೂರಿನ ಹಳೇ ಯೆಜ್ಡಿ ಸದ್ದಿಗೂ ಇರೋ ವ್ಯತ್ಯಾಸ ನೆನಪಿಸಿಕೊಂಡ್ರೆ ಅರ್ಥ ಆಗುತ್ತೆ.

ಘಾಟಿ ಯಾಕೆ ಫೇಮಸ್?

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ ಸುಮಾರು 55 ಕಿ.ಮೀ. ದಾರಿ, 57 ಸುರಂಗ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ರೈಲಿನಂಥ ಭಾರದ ಗಾಡಿಗೆ ಇದು ದೊಡ್ಡ ಏರು. ಡೀಸೆಲ್ ಎಂಜಿನ್‌ನಲ್ಲಿ ವೇಗ ಏರಿಸೋ ಹಿಡಿಕೆಗೆ 8 ಹಂತ, ಅದಕ್ಕೆ ‘ನಾಚ್’ ಅಂತಾರೆ. ಏರಿನಲ್ಲಿ ಪೂರ್ತಿ ಜೋರು ಹಾಕಿ ಗಾಡಿ ನಿಧಾನಕ್ಕೆ ಹತ್ತುತ್ತೆ. ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಎಂಜಿನ್ ಬೇರೆ. ಸದ್ದು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತೆ. ಸದ್ದಿನ ಹುಚ್ಚು ಇರೋರಿಗೆ ಇನ್ನೇನು ಬೇಕು?

ಎಲೆಕ್ಟ್ರಿಕ್ ಬಂದ ಮೇಲೆ ಹುಷಾರು

ಈಗ ಹಳಿ ಮೇಲೆಲ್ಲಾ ವಿದ್ಯುತ್ ತಂತಿ ಬರ್ತಿದೆ, ಡೀಸೆಲ್ ಎಂಜಿನ್ ಕಮ್ಮಿ ಆಗ್ತಿವೆ. ಡಬ್ಲ್ಯೂಎಪಿ-7 ಎಲೆಕ್ಟ್ರಿಕ್ ಎಂಜಿನ್‌ಗೆ 6,000ಕ್ಕೂ ಹೆಚ್ಚು ಅಶ್ವಶಕ್ತಿ. ಆದರೆ ಒಳಗೆ ಉರಿಯೋದು ಏನೂ ಇಲ್ಲ. ತಣ್ಣಗೆ ಮಾಡೋ ಫ್ಯಾನ್ ಸದ್ದು, ಟ್ರಾನ್ಸ್‌ಫಾರ್ಮರ್ ಗುಂಯ್, ಹೊರಡುವಾಗ ಮೋಟರ್‌ನಿಂದ ಮೆಟ್ಟಿಲು ಹತ್ತಿದಂತೆ ಏರೋ ಒಂದು ರಾಗ, ಅಷ್ಟೇ. ಕಿವಿಗೊಟ್ಟು ಕೇಳೋರಿಗೆ ಅದೂ ಇಷ್ಟ.

ಅಪಾಯ ಇರೋದು ಇಲ್ಲೇ. ‘ಸದ್ದು ಕೇಳಿದ್ರೆ ಪಕ್ಕಕ್ಕೆ ಸರಿಯೋಣ’ ಅಂತ ಹಳಿ ದಾಟೋದು ಎಷ್ಟೋ ಜನರ ಅಭ್ಯಾಸ. ದೂರದಿಂದಲೇ ಗುಡುಗೋ ಡೀಸೆಲ್ ಕಾಲದಲ್ಲಿ ಕಿವಿ ಮುಂಚೆಯೇ ಎಚ್ಚರಿಸ್ತಿತ್ತು. ಎಲೆಕ್ಟ್ರಿಕ್ ಗಾಡಿ ಹತ್ತಿರ ಬರೋವರೆಗೂ ಗೊತ್ತೇ ಆಗದಿರಬಹುದು. ಇಯರ್‌ಫೋನ್ ಹಾಕಿದ್ರಂತೂ ಹಾರ್ನ್ ಕೂಡ ಕೇಳಿಸಲ್ಲ. ಗೇಟ್ ಹಾಕಿದ್ರೆ ಕೆಳಗೆ ನುಸುಳಬೇಡಿ. ದಾಟೋದು ಗೇಟ್, ಸೇತುವೆ ಇರೋ ಕಡೆ ಮಾತ್ರ.

ರೆಕಾರ್ಡ್ ಮಾಡೋಕೆ ಹಳಿಗೆ, ಸುರಂಗಕ್ಕೆ ಇಳಿಯೋದೂ ತಪ್ಪು. ರೈಲ್ವೆ ಜಾಗಕ್ಕೆ ಅಕ್ರಮವಾಗಿ ಹೋದರೆ 1989ರ ರೈಲ್ವೆ ಕಾಯ್ದೆ ಸೆಕ್ಷನ್ 147ರಡಿ 6 ತಿಂಗಳವರೆಗೆ ಜೈಲು, ಇಲ್ಲವೇ ₹1,000 ವರೆಗೆ ದಂಡ, ಅಥವಾ ಎರಡೂ ಆಗಬಹುದು. ಸದ್ದು ಕೇಳೋ ಆಸೆ ಇದ್ದರೆ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು ಸ್ಟೇಷನ್‌ನಲ್ಲಿ ನಿಂತು ಕೇಳಿ.