ಹೆಸರೂ ಒಂದು ಆಸ್ತಿ: ಟ್ರೇಡ್ ಮಾರ್ಕಿನ ವಿಚಾರ

ಊರು ಬಿಟ್ಟು ಪರಸ್ಥಳದಲ್ಲಿ ಬದುಕು ಕಟ್ಟಿಕೊಳ್ಳುವವರಿಗೆ ಪಿತ್ರಾರ್ಜಿತವೆಂಬುದು ಬೆನ್ನಿಗಿರುವುದು ಅಪರೂಪ. ದುಡಿದು ಗಳಿಸಿದ ಒಳ್ಳೆಯ ಹೆಸರೇ ಅವರ ಬಂಡವಾಳ. ಅಡ್ಯಾರಿನಲ್ಲಿಯೂ ಸುತ್ತಣ ಬಡಾವಣೆಗಳಲ್ಲಿಯೂ ನೆಲಸಿರುವ ನಮ್ಮವರಲ್ಲಿ ಹೆಚ್ಚಿನವರು ಸಂಬಳಕ್ಕೆ ದುಡಿಯುವವರೇ ಸರಿ. ಆದರೂ ಹೋಟೆಲಿನಲ್ಲಿ ಕೆಲಸ ಕಲಿತು ಸ್ವಂತ ಮೆಸ್ಸು ಇಡುವವರುಂಟು. ಮನೆಮಂದಿಯೆಲ್ಲ ಸೇರಿ ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಅಂಗಡಿಗಳಿಗೆ ಹಾಕುವವರುಂಟು. ಪೊಟ್ಟಣದ ಮೇಲೆ ಒಂದು ಹೆಸರನ್ನು ಅಚ್ಚು ಹಾಕಿಸುತ್ತಾರೆ. ಕೆಲವು ವರ್ಷಗಳಲ್ಲಿ ಆ ಹೆಸರನ್ನು ಹೇಳಿ ಕೇಳುವ ಗಿರಾಕಿಗಳಾಗುತ್ತಾರೆ. ಅಷ್ಟರಲ್ಲಿ ಅದೇ ಹೆಸರಿನ ಇನ್ನೊಂದು ಪೊಟ್ಟಣ ಪಕ್ಕದ ಬೀದಿಯ ಅಂಗಡಿಯಲ್ಲಿ ಕಾಣಿಸಿಕೊಂಡರೆ ಆ ಹೆಸರು ಯಾರದು? ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರವನ್ನು ಇಲ್ಲಿ ಆದಷ್ಟು ಸರಳವಾಗಿ ವಿವರಿಸಲು ಯತ್ನಿಸಿದ್ದೇವೆ.

ಟ್ರೇಡ್ ಮಾರ್ಕ್ ಎಂದರೇನು? ಒಬ್ಬರ ಸರಕನ್ನಾಗಲಿ ಸೇವೆಯನ್ನಾಗಲಿ ಇನ್ನೊಬ್ಬರದರಿಂದ ಬೇರೆಯೆಂದು ತೋರಿಸುವ ಗುರುತು. ಅದು ಹೆಸರಾಗಿರಬಹುದು, ಚಿತ್ರವಾಗಿರಬಹುದು, ಎರಡೂ ಕೂಡಿದ್ದಾಗಿರಬಹುದು. ಅಕ್ಷರ ಓದಲು ಬಾರದವರೂ ಚಿತ್ರ ನೋಡಿ ಬೆಂಕಿಪೆಟ್ಟಿಗೆ ಕೊಳ್ಳುತ್ತಿದ್ದರಲ್ಲವೆ? ಆ ಚಿತ್ರವೇ ಟ್ರೇಡ್ ಮಾರ್ಕ್.

ನಮ್ಮಲ್ಲಿ ಅನೇಕರಿಗೆ ಒಂದು ತಪ್ಪು ತಿಳಿವಳಿಕೆಯಿದೆ. ಕಾರ್ಪೊರೇಷನ್ನಿನ ಲೈಸೆನ್ಸ್ ಇದೆ, ಆಹಾರ ಇಲಾಖೆಯ ಪರವಾನಗಿ ಇದೆ, ಜಿ.ಎಸ್.ಟಿ. ನಂಬರೂ ಇದೆ; ಆದಕಾರಣ ಹೆಸರು ನಮ್ಮದೇ ಎಂದು ಅವರು ನಂಬಿರುತ್ತಾರೆ. ಇವು ವ್ಯಾಪಾರ ನಡೆಸುವುದಕ್ಕೆ ಕೊಡುವ ಅನುಮತಿಗಳು, ತೆರಿಗೆಯ ಲೆಕ್ಕಗಳು. ಹೆಸರಿನ ಮೇಲೆ ಇವುಗಳಿಂದ ಹಕ್ಕು ಹುಟ್ಟುವುದಿಲ್ಲ. ಆ ಹಕ್ಕಿಗೆ ಎರಡೇ ಆಧಾರ: ಒಂದು, ಬಳಕೆ, ಇನ್ನೊಂದು, ನೋಂದಣಿ.

ಭಾರತದಲ್ಲಿ ಮಾರ್ಕುಗಳ ನೋಂದಣಿಗೆಂದು ಮೊದಲ ಕಾನೂನು ಬಂದದ್ದು ೧೯೪೦ರಲ್ಲಿ. ಆಮೇಲೆ ೧೯೫೮ರ ಕಾನೂನು ಬಂತು. ಈಗ ನಡೆಯುತ್ತಿರುವುದು ೧೯೯೯ರ ಕಾನೂನು. ಅದು ಜಾರಿಗೆ ಬಂದದ್ದು ೨೦೦೩ರ ಸೆಪ್ಟೆಂಬರ್ ೧೫ರಂದು. ಹಿಂದಿನ ಎರಡು ಕಾನೂನುಗಳಲ್ಲಿ ಸರಕಿನ ಹೆಸರಿಗೆ ಮಾತ್ರ ನೋಂದಣಿಯಿತ್ತು, ಸೇವೆಯ ಹೆಸರಿಗೆ ಇರಲಿಲ್ಲ. ಉಡುಪಿಯ ಕಡೆಯಿಂದ ಬಂದ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಕೆ. ಸೀತಾರಾಮರಾಯರ ದಾಸಪ್ರಕಾಶ ಈ ಊರಿನಲ್ಲಿ ಮನೆಮಾತಾದ ಕಾಲದಲ್ಲಿ ಊಟ ಬಡಿಸುವ ವೃತ್ತಿಗೆಂದು ಒಂದು ಹೆಸರನ್ನು ನೋಂದಾಯಿಸುವ ದಾರಿಯೇ ಇರಲಿಲ್ಲ. ಜನರ ಬಾಯಲ್ಲಿದ್ದ ಕೀರ್ತಿಯೇ ರಕ್ಷಣೆ. ಈಗ ಸಣ್ಣ ಮೆಸ್ಸಿಗೂ ಆ ದಾರಿ ತೆರೆದಿದೆ.

ಆ ದಾರಿ ನಮಗೆ ದೂರದ್ದೂ ಅಲ್ಲ. ಅಡ್ಯಾರಿನಿಂದ ಸರ್ದಾರ್ ಪಟೇಲ್ ರಸ್ತೆ ಹಿಡಿದು ಹೋದರೆ ಸಿಗುವ ಗಿಂಡಿಯಲ್ಲಿಯೇ ಟ್ರೇಡ್ ಮಾರ್ಕ್ ಕಚೇರಿಯಿದೆ. ತಮಿಳುನಾಡಿಗೆ ಮಾತ್ರವಲ್ಲ, ಕರ್ನಾಟಕ, ಕೇರಳ, ಆಂಧ್ರ, ತೆಲಂಗಾಣಗಳಿಗೂ ಇದೇ ಕಚೇರಿ. ಹುಬ್ಬಳ್ಳಿಯ ವ್ಯಾಪಾರಿಯೂ ಮಂಗಳೂರಿನ ವ್ಯಾಪಾರಿಯೂ ಹಾಕುವ ಅರ್ಜಿ ಇಲ್ಲಿಯ ಲೆಕ್ಕಕ್ಕೇ ಸೇರುತ್ತದೆ.

ಕಾನೂನು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಕನ್ನಡನಾಡಿನದೇ ಒಂದು ಮೊಕದ್ದಮೆಯನ್ನು ನೋಡೋಣ. ಕರ್ನಾಟಕ ಹಾಲು ಮಹಾಮಂಡಲವು ‘ನಂದಿನಿ’ ಎಂಬ ಹೆಸರನ್ನು ೧೯೮೫ರಲ್ಲಿ ಹಿಡಿಯಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಅದನ್ನು ನೋಂದಾಯಿಸಿತು. ಬೆಂಗಳೂರಿನ ‘ನಂಧಿನಿ ಡಿಲಕ್ಸ್’ ಎಂಬ ಹೋಟೆಲಿನವರು ೧೯೮೯ರಿಂದ ಆ ಹೆಸರಿನಲ್ಲಿ ವ್ಯಾಪಾರ ನಡೆಸುತ್ತಿದ್ದರು. ಮಾಂಸ, ಮೀನು, ಕಾಫಿ, ಟೀ ಮುಂತಾದ ತಿನಿಸು ಪಾನೀಯಗಳಿಗೆ ಅವರು ನೋಂದಣಿ ಕೇಳಿದಾಗ ಮಹಾಮಂಡಲ ಆಕ್ಷೇಪಿಸಿತು. ವ್ಯಾಜ್ಯ ಮೇಲೇರುತ್ತ ಹೋಯಿತು. ೨೦೧೪ರಲ್ಲಿ ಕರ್ನಾಟಕ ಹೈಕೋರ್ಟು ಮಹಾಮಂಡಲದ ಪರವಾಗಿ ಹೇಳಿತು. ಆದರೆ ೨೦೧೮ರ ಜುಲೈ ೨೬ರಂದು ಸುಪ್ರೀಂ ಕೋರ್ಟು ಹೋಟೆಲಿನವರಿಗೆ ನೋಂದಣಿ ಕೊಡಬೇಕೆಂದು ತೀರ್ಪಿತ್ತಿತು. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು.

ಕಾರಣವೇನು? ನಂದಿನಿ ಎಂಬುದು ಯಾರೋ ಹೊಸದಾಗಿ ಹುಟ್ಟಿಸಿದ ಮಾತಲ್ಲ. ಪುರಾಣದ ಕಾಮಧೇನುವಿನ ಕುಲದ ಹಸುವಿನ ಹೆಸರು, ದೇವಿಯ ಹೆಸರು. ಒಂದರ ಗುರುತಿನಲ್ಲಿ ಹಸುವಿನ ಚಿತ್ರ, ಇನ್ನೊಂದರಲ್ಲಿ ದೀಪದ ಚಿತ್ರ. ನೋಟಕ್ಕೆ ಬೇರೆ ಬೇರೆ. ಸರಕುಗಳೂ ಬೇರೆ. ಒಂದೇ ವರ್ಗದ ಪಟ್ಟಿಯಲ್ಲಿ ಬರುತ್ತವೆಂಬ ಮಾತ್ರಕ್ಕೆ ಆ ವರ್ಗವೆಲ್ಲ ಒಬ್ಬರ ಪಾಲಾಗುವುದಿಲ್ಲ ಎಂದು ಕೋರ್ಟು ಹೇಳಿತು. ಕರ್ನಾಟಕದ ಮನೆಮನೆಯಲ್ಲಿ ಹಾಲಿನ ಹೆಸರಾಗಿರುವ ಮಾರ್ಕಿಗೂ ಗಡಿಯೊಂದು ಇದೆಯೆಂದ ಮೇಲೆ ನಮ್ಮಂಥ ಸಣ್ಣವರು ಕಲಿಯತಕ್ಕ ಪಾಠ ಇದು: ಎಲ್ಲರ ಹೆಸರನ್ನು ಹಿಡಿದವನಿಗೆ ಸಿಗುವ ಬೇಲಿ ಚಿಕ್ಕದು, ತನ್ನದೇ ಹೆಸರನ್ನು ಕಟ್ಟಿದವನಿಗೆ ಸಿಗುವ ಬೇಲಿ ದೊಡ್ಡದು.

ಆದ್ದರಿಂದ ಹೆಸರಿಡುವಾಗಲೇ ಯೋಚಿಸಬೇಕು. ‘ರುಚಿಯಾದ ಸಾಂಬಾರ್ ಪುಡಿ’ ಎಂಬುದು ಹೆಸರಲ್ಲ, ವರ್ಣನೆ. ಅದಕ್ಕೆ ನೋಂದಣಿ ಸಿಗುವುದು ಕಷ್ಟ. ಬರಿಯ ಊರಿನ ಹೆಸರಿಗೂ ಹಾಗೆಯೇ. ‘ಉಡುಪಿ’ ಎಂಬ ಮಾತು ಎಷ್ಟೊಂದು ಹೋಟೆಲುಗಳ ಹಲಗೆಯ ಮೇಲಿದೆ! ಅದರ ಹಿಂದೆ ಮುಂದೆ ಸೇರಿಸುವ ಮಾತಿನಲ್ಲಿಯೇ ನಮ್ಮ ಗುರುತು ಇರಬೇಕು. ಊರಿನ ಕೀರ್ತಿಯ ರಕ್ಷಣೆಗೆ ಬೇರೆ ಕಾನೂನೇ ಇದೆ. ಅದರ ನೋಂದಣಿ ಕಚೇರಿಯೂ ಗಿಂಡಿಯಲ್ಲಿಯೇ ಇದೆ. ಧಾರವಾಡ ಪೇಡ, ಮೈಸೂರು ರೇಷ್ಮೆ, ಚನ್ನಪಟ್ಟಣದ ಬೊಂಬೆ, ಉಡುಪಿಯ ಮಟ್ಟುಗುಳ್ಳ ಇವೆಲ್ಲ ಅಲ್ಲಿ ದಾಖಲಾಗಿವೆ. ಅವು ಒಬ್ಬ ವ್ಯಾಪಾರಿಯ ಸ್ವತ್ತಲ್ಲ, ಆ ನೆಲದಲ್ಲಿ ಅದನ್ನು ಬೆಳೆಯುವವರ, ಮಾಡುವವರ ಸ್ವತ್ತು. ಚೆನ್ನೈಯಲ್ಲಿ ಪೇಡ ಮಾಡಿ ಧಾರವಾಡದ್ದೆಂದು ಮಾರುವ ಹಕ್ಕು ಧಾರವಾಡದಿಂದ ಬಂದವರಿಗೂ ಇಲ್ಲ.

ಇನ್ನು ನೋಂದಣಿಯ ಕ್ರಮ. ಮೊದಲು ನಾವು ಬಯಸುವ ಹೆಸರು ಬೇರೆಯವರದಾಗಿದೆಯೆ ಎಂದು ಹುಡುಕಬೇಕು. ಇದನ್ನು ಕಚೇರಿಯ ಅಂತರಜಾಲ ತಾಣದಲ್ಲಿ ಕಾಸು ಕೊಡದೆ ಮಾಡಬಹುದು. ಅಕ್ಷರ ಒಂದೇ ಆಗಿರಬೇಕೆಂದಿಲ್ಲ, ಕಿವಿಗೆ ಒಂದೇ ಆಗಿ ಕೇಳಿಸಿದರೂ ತೊಡಕೇ. ಸರಕು ಸೇವೆಗಳನ್ನು ೪೫ ವರ್ಗಗಳಾಗಿ ಹಂಚಿದ್ದಾರೆ. ಹಾಲು, ಉಪ್ಪಿನಕಾಯಿ ೨೯ನೆಯದರಲ್ಲಿ, ಕಾಫಿಪುಡಿ, ಮಸಾಲೆಪುಡಿ, ಸಿಹಿತಿಂಡಿ ೩೦ನೆಯದರಲ್ಲಿ, ಊದುಬತ್ತಿ, ಸಾಬೂನು ೩ನೆಯದರಲ್ಲಿ, ಉಡುಪು ೨೫ನೆಯದರಲ್ಲಿ, ಹೋಟೆಲು, ಮೆಸ್ಸು ೪೩ನೆಯದರಲ್ಲಿ ಬರುತ್ತವೆ. ಪುಡಿಗೆ ನೋಂದಣಿ ಮಾಡಿಸಿದವರು ಅದೇ ಹೆಸರಿನಲ್ಲಿ ಮೆಸ್ಸು ತೆರೆದರೆ ಆ ವರ್ಗಕ್ಕೂ ಅರ್ಜಿ ಹಾಕುವುದು ಲೇಸು.

ಅರ್ಜಿಯ ನಮೂನೆಗೆ ‘ಟಿಎಂ-ಎ’ ಎಂದು ಹೆಸರು. ೨೦೧೭ರ ನಿಯಮಗಳ ಪ್ರಕಾರ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕುವ ವ್ಯಕ್ತಿಗೂ ಸಣ್ಣ ಉದ್ದಿಮೆಗೂ ಒಂದು ವರ್ಗಕ್ಕೆ ೪,೫೦೦ ರೂಪಾಯಿ ಶುಲ್ಕ. ದೊಡ್ಡ ಸಂಸ್ಥೆಗಳಿಗೆ ೯,೦೦೦ ರೂಪಾಯಿ. ಇದು ಅಂತರಜಾಲದ ಮೂಲಕ ಸಲ್ಲಿಸುವವರಿಗೆ. ಕಾಗದದ ಅರ್ಜಿಗೆ ತುಸು ಹೆಚ್ಚು. ವಕೀಲರನ್ನಾಗಲಿ ಏಜೆಂಟರನ್ನಾಗಲಿ ಹಿಡಿಯಲೇಬೇಕೆಂಬ ಕಟ್ಟಳೆಯಿಲ್ಲ. ಮಾರ್ಕು ಕನ್ನಡದಲ್ಲಿದ್ದರೂ ಸರಿಯೆ. ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕು.

ಅರ್ಜಿಯನ್ನು ಪರೀಕ್ಷಿಸಿ ಕಚೇರಿ ವರದಿ ಕಳಿಸುತ್ತದೆ. ಅದರಲ್ಲಿ ಆಕ್ಷೇಪಣೆಯಿದ್ದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಕಾಗದ ಬಂದದ್ದನ್ನೇ ನೋಡದೆ ಸುಮ್ಮನಿದ್ದರೆ ಅರ್ಜಿ ಬಿದ್ದುಹೋಗುವ ಸಂಭವವುಂಟು. ಉತ್ತರ ಒಪ್ಪಿಗೆಯಾದರೆ ಹೆಸರು ವಾರವಾರ ಹೊರಡುವ ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ಎದುರರ್ಜಿ ಹಾಕಬಹುದು. ಯಾರೂ ಹಾಕದಿದ್ದರೆ ಪ್ರಮಾಣಪತ್ರ ಬರುತ್ತದೆ. ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಹತ್ತು ವರ್ಷ ಊರ್ಜಿತ. ಹತ್ತು ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಮುಂದುವರಿಸುತ್ತ ಹೋಗಬಹುದು. ಪ್ರಮಾಣಪತ್ರ ಕೈಗೆ ಬರುವ ಮೊದಲು ಪೊಟ್ಟಣದ ಮೇಲೆ ‘ಟಿಎಂ’ ಎಂದು ಹಾಕಿಕೊಳ್ಳಬಹುದೇ ಹೊರತು ಸುತ್ತಿನೊಳಗಿನ ‘ಆರ್’ ಅಕ್ಷರವನ್ನು ಹಾಕಕೂಡದು. ಅದು ಕಾನೂನಿಗೆ ವಿರುದ್ಧ.

ನೋಂದಣಿಯಾದ ಮೇಲೆ ಎಲ್ಲವೂ ಮುಗಿಯಿತೆ? ಇಲ್ಲ. ನಮಗಿಂತ ಮೊದಲಿನಿಂದ ಅದೇ ಹೆಸರನ್ನು ಎಡೆಬಿಡದೆ ಬಳಸುತ್ತ ಬಂದವರನ್ನು ನಮ್ಮ ಪ್ರಮಾಣಪತ್ರ ಹೊರಗಟ್ಟಲಾರದು. ಇದೇ ಮಾತನ್ನು ತಿರುಗಿಸಿ ನೋಡಿದರೆ, ನೋಂದಣಿ ಮಾಡಿಸದ ಬಡವನಿಗೂ ಮೊದಲ ಬಳಕೆಯ ಬಲವಿದೆ. ತನ್ನ ಸರಕೆಂದು ಭ್ರಮೆ ಹುಟ್ಟಿಸಿ ಮಾರುವವನ ಮೇಲೆ ಅವನೂ ದಾವೆ ಹೂಡಬಹುದು. ಆದರೆ ಆಗ ತನ್ನ ಹೆಸರಿಗೆ ಜನರಲ್ಲಿ ಮನ್ನಣೆಯಿತ್ತೆಂದು ಸಾಕ್ಷಿ ಸಮೇತ ಸಾಧಿಸುವ ಹೊರೆ ಅವನ ಮೇಲೆಯೇ ಬೀಳುತ್ತದೆ. ಮೊದಲ ಬಿಲ್ಲು, ಅಚ್ಚುಕೂಟದ ರಸೀತಿ, ಹಳೆಯ ಪೊಟ್ಟಣ, ತೆರಿಗೆಯ ಕಾಗದ, ಕರಪತ್ರ ಇವುಗಳನ್ನು ತಾರೀಖಿನೊಡನೆ ಒಂದು ಫೈಲಿನಲ್ಲಿ ಜೋಪಾನವಾಗಿಡಬೇಕು. ಗುಮಾಸ್ತೆ ಕೆಲಸದಲ್ಲಿರುವ ನಮ್ಮ ಓದುಗರಿಗೆ ಫೈಲಿನ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ಬಳಸದೆ ಬಿಟ್ಟ ಹೆಸರನ್ನೂ ಕಾನೂನು ಕಾಯುವುದಿಲ್ಲ. ಐದು ವರ್ಷ ದಾಟಿ ಬಳಕೆಯಿಲ್ಲದಿದ್ದರೆ ಅದನ್ನು ತೆಗೆದುಹಾಕಿರೆಂದು ಇನ್ನೊಬ್ಬರು ಕೇಳಬಹುದು.

ಕಳ್ಳತನ ಹೊರಗಿನವರಿಂದಲೇ ಆಗಬೇಕೆಂದಿಲ್ಲ. ಊರಿನವರೇ ಇಬ್ಬರು ಕೂಡಿ ವ್ಯಾಪಾರ ಆರಂಭಿಸುತ್ತಾರೆ. ಒಬ್ಬರ ದುಡ್ಡು, ಇನ್ನೊಬ್ಬರ ಕೈಗುಣ. ಹೆಸರನ್ನು ಯಾರೋ ಒಬ್ಬರ ಹೆಸರಿನಲ್ಲಿ ನೋಂದಾಯಿಸುತ್ತಾರೆ. ಮನಸ್ತಾಪ ಬಂದ ದಿನ ಇನ್ನೊಬ್ಬರಿಗೆ ಉಳಿಯುವುದು ಬರಿಯ ಸೌಟು. ಆದಕಾರಣ ಪಾಲುದಾರಿಕೆಯ ಪತ್ರದಲ್ಲಿಯೇ ಹೆಸರು ಯಾರದು, ಬೇರೆಯಾದರೆ ಯಾರಿಗೆ ಸಲ್ಲಬೇಕು ಎಂದು ಬರೆಯಿಸಬೇಕು. ಮಾರ್ಕು ಸ್ವತ್ತಾದ್ದರಿಂದ ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಯಜಮಾನರು ತೀರಿಕೊಂಡರೆ ಹಕ್ಕು ಬದಲಾದದ್ದನ್ನು ಕಚೇರಿಯಲ್ಲಿ ದಾಖಲು ಮಾಡಿಸುವುದನ್ನು ಮನೆಯವರು ಮರೆಯಬಾರದು.

ಯಾರಾದರೂ ಹೆಸರನ್ನು ಕದ್ದರೆಂದು ಕಂಡಾಗ ಜಗಳಕ್ಕೆ ಹೋಗಬಾರದು. ಆ ಪೊಟ್ಟಣವನ್ನು ಬಿಲ್ಲಿನ ಸಮೇತ ಕೊಂಡು ಇಡಬೇಕು. ವಕೀಲರಿಂದ ರಿಜಿಸ್ಟರ್ಡ್ ನೋಟೀಸು ಕಳಿಸಬೇಕು. ಎಷ್ಟೋ ವ್ಯಾಜ್ಯಗಳು ನೋಟೀಸಿನಲ್ಲಿಯೇ ಮುಗಿಯುತ್ತವೆ. ಮುಗಿಯದಿದ್ದರೆ ದಾವೆ ಹೂಡಬೇಕು. ಅದು ಜಿಲ್ಲಾ ಕೋರ್ಟಿಗಿಂತ ಕೆಳಗಿನ ಕೋರ್ಟಿನಲ್ಲಿ ನಡೆಯುವಂತಿಲ್ಲ. ನೋಂದಣಿಯುಳ್ಳವರು ತಾವು ವಾಸವಾಗಿರುವ ಅಥವಾ ವ್ಯಾಪಾರ ಮಾಡುವ ಸ್ಥಳದ ಕೋರ್ಟಿನಲ್ಲಿಯೇ ಹೂಡಬಹುದು. ಎದುರಾಳಿಯ ಊರಿಗೆ ಅಲೆಯಬೇಕಾಗಿಲ್ಲ. ತಿಳಿದೂ ತಿಳಿದೂ ವರ್ಷಗಟ್ಟಲೆ ಸುಮ್ಮನಿದ್ದವರ ಹಕ್ಕು ಮಾತ್ರ ಸವೆಯುತ್ತ ಹೋಗುತ್ತದೆ.

ಒಂದು ತಿಂಗಳ ಬಾಡಿಗೆಯಷ್ಟೂ ಆಗದ ಶುಲ್ಕ, ಒಂದು ಫೈಲು, ಸ್ವಲ್ಪ ಎಚ್ಚರ, ಬೇಕಾದದ್ದು ಇಷ್ಟೇ. ಬೆವರು ಸುರಿಸಿ ಕಟ್ಟಿದ ಹೆಸರು ಕಟ್ಟಿದವರ ಕೈಯಲ್ಲಿಯೇ ಉಳಿಯಲಿ, ಅವರ ಮಕ್ಕಳ ಕೈಗೆ ದಾಟಲಿ ಎಂಬುದೇ ನಮ್ಮ ಹಾರೈಕೆ.